ತಾರಸಿಯ ಮೇಲೊಂದು ಜಪಾನಿ ಮಿಡತೆ

ಐವತ್ತು ದಾಟಿದ ಗಂಡಸರನ್ನು ಹಿಡಿಯುವ ಕಾಯಿಲೆಗಳಲ್ಲಿ ಸಕ್ಕರೆಗೆ ಮಾತ್ರೆ ಇದೆ, ಬಿ.ಪಿ.ಗೂ ಇದೆ. ‘ರಿಸ್ಟೋರೇಶನ್’ಗೆ ಮಾತ್ರ ಇಲ್ಲ. ಕೆಲವರಿಗೆ ಅದು ಹಳೇ ಬುಲೆಟ್ಟು, ಜಾವಾಗಳ ರೂಪದಲ್ಲಿ ಬರುತ್ತದೆ, ಕೆಲವರಿಗೆ ವಾಲ್ವ್ ರೇಡಿಯೋ. ನನಗೆ ಬಂದದ್ದು ಒಂದಡಿ ಚಿಲ್ಲರೆ ಉದ್ದದ ರಿಮೋಟ್ ಕಾರಾಗಿ. ಬುಲೆಟ್ ಇಟ್ಟವನಿಗೆ ಬೀದಿಯಲ್ಲಿ ಒಂದು ಮರ್ಯಾದೆಯಾದರೂ ಸಿಗುತ್ತದೆ. ನಮ್ಮನೆಗೆ ಬಂದವರು ಕಾರು ನೋಡಿದ ಕೂಡಲೇ “ಮೊಮ್ಮಗನಿಗಾ?” ಎನ್ನುತ್ತಾರೆ. ಮಗನಿಗೇ ಇನ್ನೂ ಹೆಣ್ಣು ಸಿಕ್ಕಿಲ್ಲ.

ಕಾರಿನ ಹೆಸರು ಗ್ರಾಸ್‌ಹಾಪರ್. ಜಪಾನಿನ ಶಿಜುವೊಕಾದ ತಮಿಯಾ ಕಂಪನಿ 1984ರಲ್ಲಿ ಬಿಟ್ಟ, ಹತ್ತನೇ ಒಂದು ಅಳತೆಯ ಬಗ್ಗಿ. ಬಿಳಿ ಬಾಡಿ, ಒಳಗೆ ಹೆಲ್ಮೆಟ್ ಹಾಕಿಕೊಂಡು ಗಂಭೀರವಾಗಿ ಕೂತ, ಸೊಂಟದ ಕೆಳಗೆ ಏನೂ ಇಲ್ಲದ ಒಬ್ಬ ಡ್ರೈವರು. ಹಿಂದಿನ ಗೇರ್‌ಬಾಕ್ಸೂ ಆಕ್ಸಲ್ಲೂ ಒಂದೇ ಗಂಟಾಗಿ ಮೇಲೆ ಕೆಳಗೆ ಆಡುವುದರಿಂದ ಸಣ್ಣ ಕಲ್ಲು ಸಿಕ್ಕರೂ ಕುಪ್ಪಳಿಸುತ್ತದೆ. ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಕುವೈತ್‌ನಲ್ಲಿದ್ದ ಸೋದರಮಾವ ರಜೆಗೆ ಬಂದಾಗ ಟೇಪ್‌ರೆಕಾರ್ಡರು, ಸೆಂಟು, ನೈಲಾನ್ ಸೀರೆಗಳ ನಡುವೆ ಇದನ್ನೂ ತಂದಿದ್ದರು. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುವ ಕಾರು. ಜೋಡಿಸುವುದೂ ನಾವೇ, ಸ್ಟಿಕ್ಕರನ್ನು ಕತ್ತರಿಸಿ ಅಂಟಿಸುವುದೂ ನಾವೇ. ಮಾವನೇ ಕೂತು ಜೋಡಿಸಿದರು, ಮಾವನೇ ಓಡಿಸಿದರು, ರಜೆ ಮುಗಿದು ವಾಪಸು ಹೋಗುವಾಗ “ಹುಷಾರಾಗಿಡೋ” ಎಂದು ಅಟ್ಟ ತೋರಿಸಿದರು. ನಾನು ಹುಷಾರಾಗಿಯೇ ಇಟ್ಟೆ. ಮೊನ್ನೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಕೆಳಗಿಳಿಯಿತು.

ಇಳಿದಾಗ ಅದರ ಸ್ಥಿತಿ ಕೇಳಬೇಡಿ. ಒಂದು ಪಾಯಿಂಟು ಎರಡು ವೋಲ್ಟಿನ ಆರು ನಿಕಲ್-ಕ್ಯಾಡ್ಮಿಯಮ್ ಸೆಲ್ಲು ಸೇರಿ 7.2 ವೋಲ್ಟ್ ಆಗುವ ಬ್ಯಾಟರಿ, ತನ್ನ ಸುತ್ತ ಬಿಳಿ ಪುಡಿ ಕಕ್ಕಿಕೊಂಡು ಕೂತಿತ್ತು. ರಿಮೋಟಿನೊಳಗೆ ಮರೆತುಬಿಟ್ಟಿದ್ದ ಟಾರ್ಚ್ ಸೆಲ್ಲುಗಳು ಒಸರಿ ಸ್ಪ್ರಿಂಗುಗಳನ್ನೇ ತಿಂದುಹಾಕಿದ್ದವು. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರವಿದೆ. ನಿಕಲ್-ಕ್ಯಾಡ್ಮಿಯಮ್ಮಿನಿಂದ ಸೋರುವುದು ಕ್ಷಾರ, ಅದಕ್ಕೆ ಹುಳಿ ಬೇಕು. ಆ ಕಾಲದ ಟಾರ್ಚ್ ಸೆಲ್ಲಿನದು ಆಮ್ಲ, ಅದಕ್ಕೆ ಸೋಡಾ ಬೇಕು. ಎರಡೂ ಇರುವುದು ಅಡುಗೆಮನೆಯಲ್ಲೇ. ಕೈಗವಸು ಹಾಕಿಕೊಂಡು, ಹಳೇ ಟೂತ್‌ಬ್ರಷ್ಷಿಗೆ ನಿಂಬೆರಸ ಅದ್ದಿ ಬ್ಯಾಟರಿಯ ಕನೆಕ್ಟರ್ ಉಜ್ಜುತ್ತಿದ್ದೆ. ಸುಮಾ ಒಲೆಯ ಕಡೆಯಿಂದ ತಿರುಗದೆ ಕೇಳಿದಳು: “ರೀ, ಚಿತ್ರಾನ್ನಕ್ಕೆ ಇಟ್ಟಿದ್ದ ನಿಂಬೆಹಣ್ಣು ಎಲ್ಲಿ?”

ಅಂದು ಚಿತ್ರಾನ್ನ ಸಪ್ಪೆಯಾಗಿತ್ತು. ಕನೆಕ್ಟರ್ ಫಳಫಳ ಹೊಳೆಯುತ್ತಿತ್ತು. ನಾನು ಎರಡನ್ನೂ ಹೊಗಳಿದೆ.

ಆಮೇಲೆ ಸ್ಕ್ರೂಗಳು. ನೋಡಲು ಮಾಮೂಲಿ ಸ್ಟಾರ್ ಸ್ಕ್ರೂಗಳೇ. ಆದರೆ ಜಪಾನಿನವರ ಅಳತೆ ಬೇರೆ. ನಮ್ಮ ಸ್ಟಾರ್ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ಜಾರಿ, ಸ್ಕ್ರೂವಿನ ತಲೆ ಸವೆಯುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ಬೀದಿ ಕೊನೆಯ ಗ್ಯಾರೇಜಿನ ಮೆಕ್ಯಾನಿಕ್ಕು. “ಸಾರ್, ಆರ್‌ಎಕ್ಸ್ 100 ಕಾರ್ಬ್ಯುರೇಟರ್‌ದೂ ಹಿಂಗೇ” ಎಂದು ಎಣ್ಣೆ ಮೆತ್ತಿದ ಡಬ್ಬದಿಂದ ಒಂದು ಸ್ಕ್ರೂಡ್ರೈವರ್ ತೆಗೆದು ಎಲ್ಲವನ್ನೂ ಬಿಚ್ಚಿಕೊಟ್ಟ. ದುಡ್ಡು ಕೇಳಲಿಲ್ಲ. ಅಂಥ ಕರುಣೆಯ ನೋಟವನ್ನು ನಾನು ಈಚೆಗೆ ಕಂಡಿರಲಿಲ್ಲ.

ಬಿಳಿ ಬಾಡಿ ಹಳದಿಗಟ್ಟಿತ್ತು. ಹಳೇ ಬಿಳಿ ಪ್ಲಾಸ್ಟಿಕ್ಕು ಬೆಳಕಿಗೂ ಕಾವಿಗೂ ಹಳದಿಯಾಗುತ್ತದೆ. ಮತ್ತೆ ಬಿಳಿ ಮಾಡಲು ಹೈಡ್ರೋಜನ್ ಪೆರಾಕ್ಸೈಡ್ ಸವರಿ ಅದೇ ಬಿಸಿಲಿಗೆ ಇಡಬೇಕು ಎನ್ನುವುದು ಈ ಹವ್ಯಾಸದ ತಮಾಷೆ. ಪೆರಾಕ್ಸೈಡ್ ಎಲ್ಲಿ ಸಿಗುತ್ತದೆ? ಹೆಂಗಸರ ಹೇರ್ ಡೈ ಪೆಟ್ಟಿಗೆಯ ಡೆವಲಪರ್ ಕ್ರೀಮಿನಲ್ಲಿ. ಆ ಪೆಟ್ಟಿಗೆ ಬಚ್ಚಲುಮನೆಯ ಕಪಾಟಿನಲ್ಲೇ ಇತ್ತು. ಕ್ರೀಮು ಒಣಗಿದರೆ ತೇಪೆ ತೇಪೆ ಬಿಳುಪಾಗುತ್ತದೆ, ಹಾಗಾಗಿ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಆಗಾಗ ಮಗುಚಿ ಇಡಬೇಕು. ತಾರಸಿಯಲ್ಲಿ ಅಮ್ಮನ ಅಕ್ಕಿ ಹಪ್ಪಳ ಹಳೇ ಪಂಚೆಯ ಮೇಲೆ ಒಣಗುತ್ತಿತ್ತು. ಪಂಚೆಯ ತುದಿಯಲ್ಲಿ ಸ್ವಲ್ಪ ಜಾಗ ಕೇಳಿ ಕಾರಿನ ಬಾಡಿ ಇಟ್ಟೆ. ಎಂಬತ್ತರ ಹತ್ತಿರವಿರುವ ಅಮ್ಮ ಏನು ಎತ್ತ ಅಂತ ಕೇಳಲಿಲ್ಲ. ಬಿಸಿಲಿಗೆ ಇಟ್ಟದ್ದು ಯಾವುದಾದರೂ ಅವಳ ಜವಾಬ್ದಾರಿಯೇ. “ಮಗ್ಗಲು ತಿರುಗಿಸೋ, ಈ ಕಡೆ ಇನ್ನೂ ಹಸಿ ಇದೆ” ಎಂದು ಕೆಳಗೆ ಕೂಗುತ್ತಿದ್ದಳು.

ಬಾಡಿ ಹಾಲಿನ ಬಿಳುಪಿಗೆ ಬಂತು. ವಾರದ ಕೊನೆಗೆ ನಾದಿನಿಯ ಮಗಳ ಮದುವೆ. ಸುಮಾ ಡೈ ಪೆಟ್ಟಿಗೆ ತೆರೆದರೆ ಒಳಗೆ ಬಣ್ಣದ ಟ್ಯೂಬು ಮಾತ್ರ. ಮದುವೆಯ ಫೋಟೋಗಳಲ್ಲಿ ಅವಳ ತಲೆಯೂ ನನ್ನ ಕಾರೂ ಒಂದೇ ಬಣ್ಣ ಎಂದು ಮಗ ಹೇಳಿದ್ದು ಅವನಿಗೇ ಒಳ್ಳೆಯದಾಗಲಿಲ್ಲ.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ರಿಸ್ಟೋರೇಶನ್ನಿನ ಬೆನ್ನಿಗೇ ಕಸ್ಟಮೈಸೇಶನ್ ಬರುತ್ತದೆ. ಹಳೆಯದರಲ್ಲಿ ವೇಗ ಹೆಚ್ಚು ಕಡಿಮೆ ಮಾಡುವುದಕ್ಕೆ ಒಂದು ಸರ್ವೋ ಮೋಟಾರು ತಾಮ್ರದ ಕಡ್ಡಿಯನ್ನು ಎಳೆಯುತ್ತಿತ್ತು, ನಿಧಾನ ಹೋಗಬೇಕೆಂದರೆ ಬೇಡವಾದ ಕರೆಂಟನ್ನು ರೆಸಿಸ್ಟರಿನಲ್ಲಿ ಕಾಯಿಸಿ ಹಾಳುಮಾಡುತ್ತಿತ್ತು. ನಮ್ಮ ಹಳೇ ಡಬ್ಬ ಫ್ಯಾನ್ ರೆಗ್ಯುಲೇಟರಿನ ಹಾಗೆ. ಅದನ್ನು ಕಿತ್ತು ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕಿದೆ. 27 ಮೆಗಾಹರ್ಟ್ಸ್ ರೇಡಿಯೋ ಹೋಗಿ 2.4 ಗಿಗಾಹರ್ಟ್ಸ್ ಬಂತು. ಚಕ್ರದ ಬುಷ್‌ಗಳ ಜಾಗಕ್ಕೆ ಬಾಲ್ ಬೇರಿಂಗ್. ಮೂಲದ 380 ಮೋಟಾರಿಗೆ ನಿವೃತ್ತಿ ಕೊಟ್ಟು, ಇದರ ಅಣ್ಣ ಹಾರ್ನೆಟ್‌ನಲ್ಲಿ ಬರುವ ದಪ್ಪನೆಯ 540. ಬಿಡಿಭಾಗಗಳು ಜಪಾನಿನಿಂದ ಬರುತ್ತಿದ್ದವು, ಉಳಿದ ವೈರು, ಪ್ಲಗ್ಗು, ಸೋಲ್ಡರು ಎಸ್.ಪಿ. ರೋಡಿನಿಂದ. ಪಾರ್ಸೆಲ್ ಬಂದಾಗಲೆಲ್ಲ “ಆಫೀಸಿನದು” ಎನ್ನುತ್ತಿದ್ದೆ. ನಾನು ಜೀವವಿಮೆಯಲ್ಲಿ ಕೆಲಸ ಮಾಡುವವನು. ಕಸ್ಟಮ್ಸ್ ಚೀಟಿಯಲ್ಲಿ ‘ಆಟಿಕೆಯ ಭಾಗಗಳು’ ಎಂದಿರುತ್ತಿತ್ತು.

ಒಂದು ಸಂಜೆ ಮಗ ಲ್ಯಾಪ್‌ಟಾಪ್ ಹಿಡಿದು ಬಂದ. “ಅಪ್ಪ, ಇದನ್ನ ತಮಿಯಾದವರು 2005ರಲ್ಲೇ ಮತ್ತೆ ಬಿಟ್ಟಿದ್ದಾರಂತೆ. ಪೂರ್ತಿ ಹೊಸ ಕಿಟ್. ನಿಮ್ಮ ಬೇರಿಂಗು, ಮೋಟಾರು, ಕಂಟ್ರೋಲರ್ ಸೇರಿಸಿ ಲೆಕ್ಕ ಹಾಕಿದ್ರೆ…”

“ಅದು ರೀಇಶ್ಯೂ ಕಣೋ,” ಎಂದೆ, ಸಾಧ್ಯವಾದಷ್ಟು ತಿರಸ್ಕಾರದಿಂದ. “ಇದು ಒರಿಜಿನಲ್.”

“ಒರಿಜಿನಲ್ ಏನುಳಿದಿದೆ ಇದರಲ್ಲಿ?”

ಬಾಡಿ, ಅರ್ಧ ಡ್ರೈವರು, ಹಿಂದಿನ ಎರಡು ಟೈರು. ನಲವತ್ತು ವರ್ಷದ ಹಲ್ಲು ಹಲ್ಲು ಟೈರು ಹೇಗೋ ಸೀಳದೆ ಉಳಿದಿತ್ತು. ನಾನದನ್ನು ಸೋಪುನೀರಲ್ಲಿ ನೆನೆಸಿ, ತೊಳೆದು, ಮತ್ತೆ ತೊಳೆದು, ನಮ್ಮ ಮನೆಯ ತಟ್ಟೆಗಳಿಗೂ ಸಿಗದ ಶುಚಿಗೆ ತಂದಿದ್ದೆ. ಸುಮಾ ಕೇಳುತ್ತ ಕೂತಿದ್ದಳು. ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ಎಲ್ಲೋ ಬರೆದಿಟ್ಟುಕೊಳ್ಳುತ್ತಾಳೆ ಎಂದರ್ಥ.

ಈ ಹವ್ಯಾಸದವರಲ್ಲಿ ಎರಡು ಪಂಗಡ. ಕಾರನ್ನು ಓಡಿಸಿ ಸವೆಸುವವರು ಒಬ್ಬರು, ಷೋಕೇಸಿನಲ್ಲಿಟ್ಟು ನೋಡುವವರು ಇನ್ನೊಬ್ಬರು. ನಾನು ಎರಡನೆಯ ಪಂಗಡ ಸೇರಿದೆ. ಇಷ್ಟು ಖರ್ಚು ಮಾಡಿದ್ದನ್ನು ಮಣ್ಣಿಗೆ ಹಾಕಲು ಮನಸ್ಸು ಬರಲಿಲ್ಲ. ಷೋಕೇಸಿನಲ್ಲಿ ಗೌರಿಯ ಬೊಂಬೆ ಸ್ವಲ್ಪ ಪಕ್ಕಕ್ಕೆ ಸರಿಯಿತು. ಅಮ್ಮನಿಗೆ ಅದು ಸರಿಬರಲಿಲ್ಲ. “ಓಡೋ ಗಾಡೀನ ಕೂರಿಸಿಡ್ತಾರೇನೋ? ಬಾ ಮೇಲೆ, ಕಾಗೆನಾದ್ರೂ ಓಡಿಸ್ಲಿ.”

ಮತ್ತೊಂದು ಸುತ್ತು ಹಪ್ಪಳ ಹಾಕಿದ್ದರು. ಕಾರನ್ನು ತಾರಸಿಗೆ ಒಯ್ದು, ರಿಮೋಟ್ ಅಮ್ಮನ ಕೈಗಿಟ್ಟು, ಟ್ರಿಗರನ್ನು ಮೆಲ್ಲಗೆ ಒತ್ತಬೇಕು ಎಂದು ಮೋಟಾರಿನ ಸಾಮರ್ಥ್ಯ ವಿವರಿಸುತ್ತಿದ್ದೆ. ಅಷ್ಟರಲ್ಲಿ ಕಾಗೆ ಬಂತು. ಅಮ್ಮ ಪೂರ್ತಿ ಒತ್ತಿದಳು. 540 ಮೋಟಾರು ಚೀರಿತು, ಮಿಡತೆ ನೀರಿನ ಪೈಪು ಹಾರಿ, ಕಾಗೆಯನ್ನು ಅಟ್ಟಿ, ಪಂಚೆಯ ಉದ್ದಕ್ಕೂ ಅರೆಬರೆ ಒಣಗಿದ ಹಪ್ಪಳಗಳ ಮೇಲೆ ಹಾದು ತುಳಸಿಕಟ್ಟೆಗೆ ಗುದ್ದಿ ಮಗುಚಿಕೊಂಡಿತು. ಡ್ರೈವರು ತಲೆಕೆಳಗಾಗಿಯೂ ಗಂಭೀರವಾಗಿಯೇ ಇದ್ದ. “ಇನ್ನೊಂದು ಸಲ ಕೊಡೋ” ಎಂದಳು ಅಮ್ಮ.

ಹಪ್ಪಳ ಬಿಸಾಡುವ ಮನೆಯಲ್ಲ ನಮ್ಮದು. ಯುಗಾದಿ ಊಟಕ್ಕೆ ಬಂದ ಸುಮಾಳ ಅತ್ತಿಗೆ ಕರಿದ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದರು. ಸಾಲು ಸಾಲು ಹಲ್ಲಿನ ಗುರುತು, ಅಂಚಿನಿಂದ ಅಂಚಿಗೆ.

“ಎಷ್ಟು ಚೆನ್ನಾಗಿದೆ ಡಿಸೈನು! ಅಚ್ಚು ಎಲ್ಲಿ ತಗೊಂಡ್ರಿ ಸುಮಾ?”

“ಜಪಾನಿಂದು ಅತ್ತಿಗೆ,” ಎಂದಳು ಸುಮಾ, ನನಗೆ ಸಾರು ಬಡಿಸುತ್ತ. “1984ರ ಒರಿಜಿನಲ್ಲು. ಈಗೆಲ್ಲ ಸಿಗೋದು ಬರೀ ರೀಇಶ್ಯೂ.”