ಸ್ಟಾಕ್ ಬಂದ ತಕ್ಷಣ ತಿಳಿಸುತ್ತೇವೆ

ನನ್ನ ಅಪ್ಪನಿಗೆ ಎಂಬತ್ತು ದಾಟಿದೆ. ಆ ಎಂಬತ್ತರಲ್ಲಿ ದೊಡ್ಡದೊಂದು ಪಾಲು ಯಾವುದಾದರೊಂದು ವೇಟಿಂಗ್ ಲಿಸ್ಟಿನಲ್ಲಿ ಸವೆದಿದೆ ಎಂಬುದನ್ನು ಅವರು ಕೊರಗಿನಿಂದ ಹೇಳುವುದಿಲ್ಲ. ಹಳೇ ಫೌಜಿಗಳು ತಾವು ಕಾದಾಡಿದ ಯುದ್ಧಗಳ ಹೆಸರು ಹೇಳುವ ಗತ್ತಿನಲ್ಲಿ ಹೇಳುತ್ತಾರೆ. ಬಜಾಜ್ ಚೇತಕ್‌ಗೆ ಹೆಸರು ಬರೆಸಿದಾಗ ಅವರಿನ್ನೂ ಬ್ರಹ್ಮಚಾರಿ. ಸ್ಕೂಟರ್ ಮನೆಗೆ ಬಂದಾಗ ಹ್ಯಾಂಡಲ್ ಹಿಂದಿನ ಜಾಗದಲ್ಲಿ ನಿಲ್ಲಿಸಿಕೊಳ್ಳಲು ನಾನಿದ್ದೆ. ಟೆಲಿಫೋನ್ ಅರ್ಜಿಯದು ಇನ್ನೊಂದು ಪುರಾಣ: ಹೆಚ್ಚು ಠೇವಣಿ ಕಟ್ಟಿದವರದು ಒಂದು ಪಟ್ಟಿ, ಕಟ್ಟದವರದು ಇನ್ನೊಂದು, ಡಾಕ್ಟರುಗಳಂಥವರದು ಮತ್ತೊಂದು. ಗ್ಯಾಸ್ ಕನೆಕ್ಷನ್ನಿಗೆ ಸಂಸದರ ಕೋಟಾ. ನಮ್ಮೂರಿನ ಜಾಲಹಳ್ಳಿಯಲ್ಲೇ ತಯಾರಾಗುತ್ತಿದ್ದ ಎಚ್‌ಎಂಟಿ ವಾಚಿಗೂ ಒಳಗೆ ಒಬ್ಬರು ಗೊತ್ತಿದ್ದರೆ ಒಳ್ಳೆಯದು ಎನ್ನುತ್ತಿದ್ದರಂತೆ. 1991ರ ಮೇಲೆ ಒಂದೊಂದಾಗಿ ಈ ಪಟ್ಟಿಗಳೆಲ್ಲ ಕರಗಿ, ದುಡ್ಡಿದ್ದವರು ಅಂಗಡಿಗೆ ಹೋಗಿ ಬೇಕಾದ್ದನ್ನು ಹೊತ್ತು ತರುವ ಕಾಲ ಬಂದಾಗ ಅಪ್ಪನಿಗೆ ಸಂತೋಷವೇ ಆಯಿತು. ಆದರೂ ಕಷ್ಟಪಟ್ಟು ಕಲಿತ ವಿದ್ಯೆಯೊಂದು ಕೆಲಸಕ್ಕೆ ಬಾರದೆ ಹೋಯಿತಲ್ಲ ಎಂಬ ಸಣ್ಣ ಬೇಜಾರು ಉಳಿದಿತ್ತು.

ಹಾಗಾಗಿ 2025ರ ಜನವರಿ 30ರ ಸಂಜೆ, ಊಟಕ್ಕೆ ಕರೆದರೂ ಏಳದೆ ಕಂಪ್ಯೂಟರ್ ಮುಂದೆ ಕುಳಿತಿದ್ದ ಮೊಮ್ಮಗ "ಸ್ಟಾಕ್ ಇಲ್ಲ ತಾತ" ಎಂದಾಗ ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

ಮಗ ಓದುತ್ತಿರುವುದು ತ್ರೀಡಿ ಅನಿಮೇಷನ್. ಗ್ರಾಫಿಕ್ಸ್ ಕಾರ್ಡ್ ಬೇಕೆಂಬ ಅವನ ಬೇಡಿಕೆ ಮನೆಯೊಳಗೆ ಮೂರು ಬಾಗಿಲಿಂದ ಬಂತು: ನನ್ನೆದುರು 'ರೆಂಡರ್ ಮಾಡೋಕೆ', ಅವನಮ್ಮನ ಮೂಲಕ 'ಕಾಲೇಜಲ್ಲಿ ಹೇಳಿದಾರಂತೆ', ಗೆಳೆಯರ ಜತೆ ಫೋನಿನಲ್ಲಿ 'ಮಗಾ, ಗೇಮ್ ಹೆಂಗ್ ಓಡುತ್ತೆ ನೋಡು'. ಮೂರನೆಯದೇ ನಿಜವೆಂದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಬೇಕಿದ್ದದ್ದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5080. ಭಾರತದಲ್ಲಿ ಕಂಪನಿ ಹೇಳಿದ ಆರಂಭಿಕ ಬೆಲೆ 1,07,000 ರೂಪಾಯಿ. ಅದರ ಅಣ್ಣ 5090, 2,14,000 ರೂಪಾಯಿ. ಆ ಹೆಸರನ್ನು ಮಾತ್ರ ಮಗ ದನಿ ತಗ್ಗಿಸಿ ಹೇಳುತ್ತಿದ್ದ. ಅದರ ಚಿಪ್ಪಿನಲ್ಲಿ 9,200 ಕೋಟಿ ಟ್ರಾನ್ಸಿಸ್ಟರುಗಳಂತೆ, 32 ಜಿಬಿ ಮೆಮೊರಿಯಂತೆ, ಪೂರ್ತಿ ದುಡಿದರೆ 575 ವಾಟ್ ಕರೆಂಟ್ ಕುಡಿಯುತ್ತದಂತೆ. "ಅಷ್ಟೆಲ್ಲ ಕುಡಿದು ಏನು ಮಾಡುತ್ತೆ?" ಎಂದು ನನ್ನ ಹೆಂಡತಿ ಕೇಳಿದಳು. ನೀರಿನ ಮೇಲೆ ಬೀಳುವ ಬೆಳಕು ನಿಜವಾದ ಬೆಳಕಿನ ಹಾಗೇ ಕಾಣುತ್ತದೆ ಎಂದ. ನಿಜವಾದ ನೀರೇ ವಾರಕ್ಕೆರಡು ಸಲ ಬರುವ ಬಡಾವಣೆಯಲ್ಲಿ ಈ ಉತ್ತರಕ್ಕೆ ಸಿಗಬೇಕಾದ ಗೌರವ ಸಿಗಲಿಲ್ಲ.

ಮಾರಾಟ ಶುರುವಾದ ಕೆಲವೇ ನಿಮಿಷಕ್ಕೆ ಮುಗಿದಿತ್ತು. ಅವನು ಕಾರ್ಟಿಗೆ ಹಾಕಿ, ವಿಳಾಸ ತುಂಬಿ, ಒಟಿಪಿ ಬಂದು, ಅದನ್ನು ಒತ್ತುವಷ್ಟರಲ್ಲಿ ಕಾರ್ಟ್ ಖಾಲಿ. ಪರದೆಯ ಮೇಲೆ ಉಳಿದದ್ದು ಒಂದೇ ಗುಂಡಿ: ಸ್ಟಾಕ್ ಬಂದ ತಕ್ಷಣ ತಿಳಿಸುತ್ತೇವೆ.

"ನಿನ್ನ ನಂಬರ್ ಎಷ್ಟು?" ಅಪ್ಪ ಕೇಳಿದರು.

"ಯಾವ ನಂಬರ್?"

"ಪಟ್ಟಿಯಲ್ಲಿ ಕಣೋ. ನಿನ್ನ ಮುಂದೆ ಎಷ್ಟು ಜನ ಇದಾರೆ?"

"ಪಟ್ಟಿ ಇಲ್ಲ ತಾತ. ಸ್ಟಾಕ್ ಬಂದ್ರೆ ಎಲ್ಲರಿಗೂ ಒಟ್ಟಿಗೇ ಮೇಲ್ ಬರುತ್ತೆ. ಯಾರು ಫಸ್ಟ್ ಒತ್ತುತ್ತಾರೋ ಅವರಿಗೆ."

ಅಪ್ಪ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ "ಯಾರಾದ್ರೂ ಗೊತ್ತಿರೋರು ಇದಾರೇನು?" ಎಂದರು.

ಈ ಪ್ರಶ್ನೆಗೆ ಬೆಂಗಳೂರಿನಲ್ಲಿ 'ಇಲ್ಲ' ಎನ್ನುವುದು ಕಷ್ಟ. ಆ ಕಾರ್ಡಿನ ಕಂಪನಿಯ ಎಂಜಿನಿಯರುಗಳೇ ಇಲ್ಲಿ ಸಾವಿರಗಟ್ಟಲೆ ಇದ್ದಾರೆ. ಬೇರೆ ಕಂಪನಿಗಳಿಗೆ ಚಿಪ್ ವಿನ್ಯಾಸ ಮಾಡುವವರಂತೂ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತಾರೆ. ಅಪ್ಪ ನೆಂಟರಿಷ್ಟರ ಪಟ್ಟಿಯನ್ನು ಜಾಲಾಡಿ ಅಂಥ ಒಬ್ಬನನ್ನು ಹಿಡಿದೇಬಿಟ್ಟರು: ನನ್ನ ಸೋದರತ್ತೆಯ ಮೊಮ್ಮಗಳ ಗಂಡ. ನಾಮಕರಣವೊಂದರ ಊಟದಲ್ಲಿ ಪಕ್ಕದಲ್ಲೇ ಕೂತು ವಿಷಯ ತೆಗೆದರು. ಆ ಹುಡುಗ ಬಲು ವಿನಯದಿಂದ, "ತಾತ, ನಾನು ಮಾಡೋದು ವೆರಿಫಿಕೇಷನ್. ಚಿಪ್ಪಿನ ಒಂದು ಮೂಲೆಯ ಒಂದು ಬ್ಲಾಕ್ ಸರಿ ಇದೆಯಾ ಅಂತ ನೋಡೋದು. ಇಡೀ ಚಿಪ್ ನಾನೂ ನೋಡಿಲ್ಲ. ಕಾರ್ಡ್ ನನಗೂ ಬೇಕಿತ್ತು, ಸಿಕ್ಕಿದ್ರೆ ಹೇಳಿ" ಎಂದ. ಶಿಫಾರಸು ಕೇಳಲು ಹೋದಲ್ಲಿ ಶಿಫಾರಸಿನ ಅರ್ಜಿ ಹೊತ್ತು ಬಂದದ್ದು ಅಪ್ಪನ ಜೀವಮಾನದಲ್ಲಿ ಅದೇ ಮೊದಲು.

ಇದು ಈಗ ಹೊಸದಾಗಿ ಬಂದ ರೋಗವೂ ಅಲ್ಲ. 2020ರ ಸೆಪ್ಟೆಂಬರ್ 1ರಂದು ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಕೊರೊನಾ ದೆಸೆಯಿಂದ ತಮ್ಮ ಮನೆಯ ಅಡುಗೆಮನೆಯಲ್ಲೇ ನಿಂತು 3080 ಕಾರ್ಡನ್ನು ಲೋಕಕ್ಕೆ ಪರಿಚಯಿಸಿದರು. ಆ ತಿಂಗಳ 17ಕ್ಕೆ ಮಾರಾಟ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಕಂಪನಿ ಕ್ಷಮೆ ಕೇಳಿತು. ಕೊಂಡವರಲ್ಲಿ ಬಹಳಷ್ಟು ಮಂದಿ ಮನುಷ್ಯರೇ ಆಗಿರಲಿಲ್ಲ, ಬಾಟ್‌ಗಳು. ಅಂದರೆ ಅಂಗಡಿಯ ಪುಟವನ್ನು ಕ್ಷಣಕ್ಷಣವೂ ಇಣುಕಿ ನೋಡಿ, ಕಾರ್ಡ್ ಕಂಡೊಡನೆ ಕೊಂಡುಬಿಡುವ ಪ್ರೋಗ್ರಾಂಗಳು. ಅವುಗಳ ಧಣಿಗಳು ಅದನ್ನೇ ಒಂದಕ್ಕೆರಡು ಬೆಲೆಗೆ ಇ-ಬೇನಲ್ಲಿ ಮಾರಿಕೊಂಡರು. ("ಬ್ಲ್ಯಾಕ್‌ನವರು ಅನ್ನು" ಎಂದರು ಅಪ್ಪ. ಮೆಜೆಸ್ಟಿಕ್‌ನ ಥಿಯೇಟರುಗಳ ಮುಂದೆ ಬಾಲ್ಕನಿ ಟಿಕೆಟಿಗೆ ಬಡಿದಾಡಿದವರಿಗೆ ಬಾಟ್ ಅರ್ಥವಾಗಲು ಅಷ್ಟು ಹೊತ್ತು ಬೇಕಾಗಲಿಲ್ಲ.) ಉರಿದುಹೋದ ಗಿರಾಕಿಗಳು ಸೇಡು ತೀರಿಸಿಕೊಂಡ ಬಗೆ ನನಗೆ ತುಂಬ ಹಿಡಿಸಿತು. ಕಾರ್ಡಿನ ಚಿತ್ರವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, 'ಇದು ಬರೀ ಚಿತ್ರ' ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದು ಹರಾಜಿಗಿಟ್ಟರು. ಬಾಟ್‌ಗಳು ವಿವರಣೆ ಓದುವುದಿಲ್ಲ ಎಂಬ ಧೈರ್ಯ. 2025ರಲ್ಲೂ 5090ರ ಫೋಟೋಗಳು ಇದೇ ರೀತಿ ಹರಾಜಿಗೆ ಬಂದವು.

ಆ ಸಲ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ಅಗೆಯುವವರು ಬೇರೆ ಸೇರಿಕೊಂಡಿದ್ದರು. ಒಬ್ಬೊಬ್ಬರ ಕೋಣೆಯಲ್ಲಿ ಹತ್ತಾರು ಕಾರ್ಡು, ಹಗಲೂ ರಾತ್ರಿ ಲೆಕ್ಕ ಹಾಕುವುದೇ ಕೆಲಸ. 2021ರಲ್ಲಿ ಕಂಪನಿ 3060 ಎಂಬ ಕಾರ್ಡಿಗೆ, ನಾಣ್ಯ ಅಗೆದರೆ ವೇಗ ಅರ್ಧವಾಗುವಂತೆ ಕಡಿವಾಣ ಹಾಕಿತು; ಮುಂದಿನ ತಿಂಗಳೇ ತಾನೇ ಬಿಟ್ಟ ಡ್ರೈವರ್ ಒಂದರಲ್ಲಿ ಆ ಕಡಿವಾಣವನ್ನು ಕೈತಪ್ಪಿ ಬಿಚ್ಚಿಬಿಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿದ ಮೇಲೆ ಅಗೆಯುವವರಿಗೆ ಕೆಲಸವಿಲ್ಲದಾಯಿತು. ಇನ್ನಾದರೂ ಕಾರ್ಡು ಆಟದ ಹುಡುಗರ ಕೈಗೆ ಬರುತ್ತದೆ ಎಂದುಕೊಳ್ಳುವಷ್ಟರಲ್ಲಿ, ಅದೇ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈಗಿನ ಬರಗಾಲದ ಬೇರು ಇರುವುದು ಇಲ್ಲೇ. ಎನ್‌ವಿಡಿಯಾ ಚಿಪ್ಪನ್ನು ವಿನ್ಯಾಸ ಮಾಡುತ್ತದೆಯೇ ಹೊರತು ತಾನೇ ತಯಾರಿಸುವುದಿಲ್ಲ. ಮಾಡಿಕೊಡುವುದು ತೈವಾನಿನ ಟಿಎಸ್‌ಎಂಸಿ. ಅಲ್ಲಿನ ಸಾಲುಗಳಲ್ಲಿ ಆಟದ ಕಾರ್ಡಿನ ಚಿಪ್ಪೂ, ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರಿಗೆ ಹೋಗುವ ಚಿಪ್ಪೂ ಒಂದೇ ಜಾಗಕ್ಕೆ ಪೈಪೋಟಿ. ಎರಡನೆಯದರಲ್ಲಿ ಸಿಗುವ ಲಾಭದ ಮುಂದೆ ಮೊದಲನೆಯದು ಚಿಲ್ಲರೆ ಕಾಸು. 2025ರ ಜನವರಿಗೆ ಮುಗಿದ ವರ್ಷದಲ್ಲಿ ಕಂಪನಿಯ ವರಮಾನ 13,050 ಕೋಟಿ ಡಾಲರ್. ನೂರು ಡಾಲರಿನಲ್ಲಿ ಎಂಬತ್ತೆಂಟು ಡೇಟಾ ಸೆಂಟರುಗಳಿಂದ ಬಂದದ್ದು, ಆಟದವರಿಂದ ಒಂಬತ್ತೂ ಪೂರ್ತಿಯಿಲ್ಲ. ಮದುವೆಮನೆಯಲ್ಲಿ ಬೀಗರು ಮೊದಲ ಪಂಕ್ತಿಗೆ ಕೂತ ಮೇಲೆ, ಬೆಳಗಿನ ಜಾವದಿಂದ ಚಪ್ಪರ ಕಟ್ಟಿದ ಹುಡುಗರಿಗೆ ಕೊನೇ ಪಂಕ್ತಿಯಲ್ಲಿ ಹೋಳಿಗೆ ಮುಗಿದು ಅನ್ನ ಸಾರು ಉಳಿದಿರುತ್ತದಲ್ಲ, ಹಾಗೆ. ಚಪ್ಪರ ಕಟ್ಟಿದವರು ಎಂದು ಯಾಕೆ ಹೇಳಿದೆನೆಂದರೆ, ಈ ಕಂಪನಿಯನ್ನು 1993ರಿಂದ ಸಾಕಿ ಬೆಳೆಸಿದ್ದು ಕೃತಕ ಬುದ್ಧಿಮತ್ತೆಯಲ್ಲ, ಮನೆಯವರ ಕೈಲಿ ಬೈಸಿಕೊಂಡು ಗೇಮ್ ಆಡಿದ ಹುಡುಗರು. ಹುವಾಂಗ್ ಹುಡುಗರಾಗಿದ್ದಾಗ ಡೆನ್ನೀಸ್ ಎಂಬ ಹೋಟೆಲಿನಲ್ಲಿ ತಟ್ಟೆ ತೊಳೆದು, ಬಡಿಸುವ ಕೆಲಸವನ್ನೂ ಮಾಡಿದವರು. ಮುಂದೆ ಗೆಳೆಯರಿಬ್ಬರ ಜತೆ ಕಂಪನಿಯ ಯೋಜನೆ ಹಾಕಿದ್ದೂ ಅದೇ ಹೆಸರಿನ ಹೋಟೆಲಿನ ಮೇಜಿನಲ್ಲೇ. ಯಾವ ಎಲೆಗೆ ಮೊದಲು ಬಡಿಸಬೇಕೆಂದು ಅಂಥವರಿಗೆ ನಾವು ಹೇಳಿಕೊಡಬೇಕೇ!

ನಾನೂ ಮಗನೂ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋದೆವು. ಟೌನ್‌ಹಾಲ್ ಕಡೆಯಿಂದ ಒಳಹೊಕ್ಕರೆ, ಜಗತ್ತಿನಲ್ಲಿ ಕಂಪ್ಯೂಟರಿನ ಯಾವ ಬಿಡಿಭಾಗವೂ ಇಲ್ಲಿ ಇಲ್ಲವೆನ್ನಿಸಿಕೊಳ್ಳದು ಎಂಬ ಭಾವನೆ ಬರುವ ರಸ್ತೆ ಅದು. ಮೊದಲ ಅಂಗಡಿಯವನು 'ಇಲ್ಲ' ಎಂದ. ಎರಡನೆಯವನು 'ಇದೆ' ಎಂದು ಕಂಪನಿ ಹೇಳಿದ್ದಕ್ಕಿಂತ ಬಹಳ ಮೇಲಿನ ಒಂದು ಬೆಲೆಯನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನಮ್ಮ ಕಡೆ ತಿರುಗಿಸಿದ. ಬಾಯಿಬಿಟ್ಟು ಹೇಳಲು ಅವನಿಗೂ ಸಂಕೋಚವಿದ್ದಿರಬೇಕು. ಮೂರನೆಯವನು "ಬರೀ ಕಾರ್ಡ್ ಕೊಡಲ್ಲ ಸರ್, ಬಂಡಲ್" ಎಂದ. ಕಾರ್ಡ್ ಬೇಕಿದ್ದರೆ ಜತೆಗೆ ಅವನ ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು, ಮದರ್‌ಬೋರ್ಡನ್ನೂ ಕೊಳ್ಳಬೇಕು. ಕ್ಯಾಬಿನೆಟ್ಟಿನೊಳಗೆ ಬಣ್ಣಬಣ್ಣದ ದೀಪ ಹೊತ್ತಿಸಿ ತೋರಿಸಿದ. ಮನೆಗೆ ಬಂದು ಹೇಳಿದಾಗ ಅಪ್ಪ, "ರೇಷನ್ ಅಂಗಡೀಲಿ ಸಕ್ಕರೆ ಜತೆ ಸೋಪು ತಗೊಳ್ಳಲೇಬೇಕು ಅಂತಿದ್ದರು, ಸದ್ಯ ಸೋಪು ಉಪಯೋಗಕ್ಕಾದ್ರೂ ಬರ್ತಿತ್ತು" ಎಂದರು.

ಹೊರದೇಶದ ಸುದ್ದಿ ಕೇಳಿದರೆ ನಮ್ಮದೇ ವಾಸಿ. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯ ಮುಂದೆ ದಿನಗಟ್ಟಲೆ ಮೊದಲೇ ಟೆಂಟ್ ಹಾಕಿ ಮಲಗಿದರು. ಟೋಕಿಯೊದ ಅಕಿಹಬಾರಾದಲ್ಲಿ ಕಾರ್ಡಿಗೆ ಲಾಟರಿ ಎತ್ತುತ್ತೇವೆಂದಾಗ ನೂಕುನುಗ್ಗಲಾಗಿ, ಪಕ್ಕದ ಶಿಶುವಿಹಾರದ ಫಲಕ ಮುರಿದುಬಿತ್ತೆಂದು ವರದಿಯಾಯಿತು. ಇನ್ನು ಅಮೆರಿಕದಲ್ಲಿ ಕೆಲವರು 5090ರ ಸೀಲಾದ ಡಬ್ಬ ಮನೆಗೊಯ್ದು ಬಿಚ್ಚಿದರೆ ಒಳಗೆ ಕಾರ್ಡಿನ ಬದಲು ಹೆಗಲಿಗೆ ನೇತುಹಾಕುವ ಬ್ಯಾಗುಗಳಿದ್ದವು. ಈ ಕೊನೆಯ ಸುದ್ದಿಯನ್ನು ಮಗ ಓದಿ ಹೇಳಿದಾಗ ಮನೆಯಲ್ಲಿ ನಕ್ಕದ್ದು ಅವನಮ್ಮ ಒಬ್ಬಳೇ.

ಅಪ್ಪ ಸುಮ್ಮನೆ ಕೂರುವವರಲ್ಲ. ಆನ್‌ಲೈನ್ ಅಂಗಡಿಗೆ ಒಂದು ಪತ್ರ ಹೇಳಿ ಬರೆಸಿದರು. 'ಮಾನ್ಯರೇ, ವಿಷಯ: ಗ್ರಾಫಿಕ್ಸ್ ಕಾರ್ಡ್ ಒದಗಿಸಿಕೊಡುವ ಬಗ್ಗೆ' ಎಂದು ಶುರುವಾಗಿ, ಮೊಮ್ಮಗನ ವಿದ್ಯಾಭ್ಯಾಸ, ತಮ್ಮ ಸರ್ಕಾರಿ ಸೇವೆ, ತೆರಿಗೆ ಬಾಕಿಯಿಲ್ಲದಿರುವುದು ಎಲ್ಲವನ್ನೂ ಒಳಗೊಂಡು, 'ಶೀಘ್ರ ಕ್ರಮ ಕೋರಿ' ಎಂದು ಮುಗಿಯಿತು. ಕಳಿಸಿದ ಮರುಕ್ಷಣವೇ ಉತ್ತರ ಬಂತು: ನಿಮ್ಮ ಮನವಿ ನಮಗೆ ಬಹಳ ಮುಖ್ಯ, ಟಿಕೆಟ್ ಸಂಖ್ಯೆ ಇಂತಿಷ್ಟು. ಅಪ್ಪನಿಗಾದ ಆನಂದ ಹೇಳತೀರದು. ಟೆಲಿಫೋನ್ ಇಲಾಖೆಯಿಂದ ಒಂದು ಸ್ವೀಕೃತಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು! ಆ ಸಂಖ್ಯೆಯನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಅದನ್ನು ಕಳಿಸಿದ್ದು ಮನುಷ್ಯನಲ್ಲ ಎಂದು ಹೇಳಲು ಮಗನಿಗೂ ಮನಸ್ಸಾಗಲಿಲ್ಲ, ನನಗೂ ಆಗಲಿಲ್ಲ.

ನನಗೆ ಸಿಟ್ಟು ಬರುವುದು ಇದಕ್ಕೇ. ಕಾಯಿಸುವುದಕ್ಕಲ್ಲ, ಸರದಿಯೇ ಇಲ್ಲದೆ ಕಾಯಿಸುವುದಕ್ಕೆ. ಚೇತಕ್‌ನ ಕಾಲದಲ್ಲಿ ಅನ್ಯಾಯವಿತ್ತು, ಲಂಚವಿತ್ತು, ಡಾಲರಿನಲ್ಲಿ ಬೆಲೆ ಕಟ್ಟಿದವರಿಗೆ ಸ್ಕೂಟರ್ ಬೇಗ ಸಿಗುತ್ತಿತ್ತು. ಆದರೆ ನಮ್ಮ ಹೆಸರು ಒಂದು ಪಟ್ಟಿಯಲ್ಲಿತ್ತು, ಆ ಪಟ್ಟಿ ಒಂದು ಮೇಜಿನ ಮೇಲಿತ್ತು, ಮೇಜಿನ ಹಿಂದೆ ಬೈಯಲು ಒಬ್ಬ ಗುಮಾಸ್ತನಿದ್ದ. ಮುಂದೆ ನಿಂತವನ ಬೋಳು ತಲೆಯನ್ನಾದರೂ ನೋಡುತ್ತ ನಿಲ್ಲಬಹುದಿತ್ತು. ಈಗ ಮುಂದೆ ಎಷ್ಟು ಜನರಿದ್ದಾರೆಂದು ತಿಳಿಯದು. ಇರುವವರು ಜನರೋ ಅಲ್ಲವೋ ಎಂದೂ ತಿಳಿಯದು. ಇ-ಮೇಲಿಗಾಗಿ ರಾತ್ರಿಯೆಲ್ಲ ಫೋನ್ ದಿಂಬಿನ ಕೆಳಗಿಟ್ಟು ಮಲಗುವ ಹುಡುಗನಿಗೆ, ತಾನು ನಿನ್ನೆಗಿಂತ ಒಂದು ಹೆಜ್ಜೆ ಮುಂದೆ ಬಂದಿದ್ದೇನೆಂಬ ಸಮಾಧಾನವೂ ಇಲ್ಲ.

ಸರದಿ ಇಟ್ಟವರೂ ಇಲ್ಲದಿಲ್ಲ. ಅಮೆರಿಕದ ಇವಿಜಿಎ ಎಂಬ ಕಂಪನಿ 2020ರ ಬರದಲ್ಲಿ, ಹೆಸರು ಬರೆಸಿದ ಗಳಿಗೆಯನ್ನು ನಮೂದಿಸಿಕೊಂಡು, ಸರದಿ ಬಂದವರಿಗೆ ಮೇಲ್ ಕಳಿಸಿ, ಕೊಳ್ಳಲು ಎಂಟು ಗಂಟೆ ಕಾಲಾವಕಾಶ ಕೊಡುತ್ತಿತ್ತು. ಅಪ್ಪನಿಗೆ ಈ ವ್ಯವಸ್ಥೆ ಬಹಳ ಮೆಚ್ಚಿಗೆಯಾಯಿತು. "ನಾವು ಅವರ ಹತ್ರಾನೇ ತಗೊಳ್ಳೋಣ" ಎಂದರು. 2022ರಲ್ಲಿ ಅವರು ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರವನ್ನೇ ಬಿಟ್ಟರೆಂದು ಮಗ ಹೇಳಿದ. "ಹಾಗೇ ಆಗೋದು" ಎಂದು ಅಪ್ಪ ಕನ್ನಡಕ ತೆಗೆದಿಟ್ಟರು. 2025ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ಅಮೆರಿಕದ ತನ್ನ ಹಳೇ ಬಳಕೆದಾರರಲ್ಲಿ ಕೆಲವರನ್ನು ಆರಿಸಿ ಅವರಿಗೆ ಮೊದಲು ಕೊಡುತ್ತೇವೆಂದಾಗ ಮಾತ್ರ ಚೇತರಿಸಿಕೊಂಡು, "ಕೋಟಾ ಬಂತಾ? ಸರಿ ಹೋಯ್ತು, ಇನ್ನು ನಮ್ಮಲ್ಲೂ ಬರುತ್ತೆ" ಎಂದರು.

ಬರಲಿಲ್ಲ. ಬಂದದ್ದು ಅಂಗಡಿಯ ಮೇಲ್. ಅದೂ ಕೆಲವು ತಿಂಗಳು ಕಳೆದು, 5080 ಸಲೀಸಾಗಿ ಸಿಗತೊಡಗಿದ ಮೇಲೆ, ಮಟಮಟ ಮಧ್ಯಾಹ್ನ. ಅಪ್ಪನೇ ಮೊದಲು ನೋಡಿ ಕೂಗಿದರು. ಮಗ ಫೋನಿನಿಂದ ತಲೆ ಎತ್ತಲಿಲ್ಲ.

"ಈಗ ಯಾರು ತಗೋತಾರೆ ತಾತ? ಇದರದೇ ಸೂಪರ್ ಬರುತ್ತಂತೆ, 24 ಜಿಬಿ. ಅದಕ್ಕೇ ಕಾಯ್ತೀನಿ."

ಬುಕ್ ಮಾಡಿದ್ದನ್ನು ಬಿಟ್ಟುಕೊಡುವವನನ್ನು ಅಪ್ಪ ಈವರೆಗೆ ಕಂಡಿರಲಿಲ್ಲ. ಆದರೂ ಸಾವರಿಸಿಕೊಂಡು ಡೈರಿ ತೆರೆದರು.

"ಸರಿ, ಅದಕ್ಕೆ ಎಲ್ಲಿ ಹೆಸರು ಬರೆಸಬೇಕು?"

"ಅದಿನ್ನೂ ಅನೌನ್ಸೇ ಆಗಿಲ್ಲ ತಾತ."

"ಹಾಗಿದ್ರೆ ನಮ್ಮ ಮುಂದೆ ಇನ್ನೂ ಯಾರೂ ಇಲ್ಲ. ಬರೆಸು, ಬರೆಸು."