ಬಣ್ಣದ ಸಾರ್

ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವಾಗಲೂ ಅವರ ಕಣ್ಣು ಗೋಡೆಯ ದರಪಟ್ಟಿಯ ಮೇಲೆಯೇ. "ನೋಡಿ ಇವ್ರೆ, ಖಾಲಿ ದೋಸೆ ಆಗೋಯ್ತು ಅಂತ ಬಾಯಲ್ಲಿ ಕೂಗ್ತಾರೆ. ಆ ಸಾಲು ತಾನಾಗೇ ಬೂದಿ ಬಣ್ಣಕ್ಕೆ ತಿರುಗಬೇಕಿತ್ತಲ್ವ?" ಚಟ್ನಿ ಸುರಿದು ಅಂಗಿಯ ಬಣ್ಣ ತಿರುಗಿರುವುದು ಮಾತ್ರ ಅವರಿಗೆ ಕಾಣಿಸಿರುವುದಿಲ್ಲ.

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವ ಪ್ರತಿ ಆಫೀಸಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಅವರ ಹೆಸರು ಬಣ್ಣದ ಸಾರ್. ಊರೆಲ್ಲ ಮೊಬೈಲ್ ಆ್ಯಪ್ ಎಂದು ಓಡಿದರೂ, ವಿಂಡೋಸ್ ಪರದೆಗಳನ್ನು ಕಟ್ಟಲು ಮೈಕ್ರೋಸಾಫ್ಟ್ 2006ರಲ್ಲಿ ಬಿಟ್ಟ ಡಬ್ಲ್ಯೂಪಿಎಫ್ ಹಿಡಿದು ಕೂತವರು ಕದಲಿಲ್ಲ. ಅದರಲ್ಲೂ ಪಟ್ಟಿ ತೋರಿಸುವ ಲಿಸ್ಟ್‌ವ್ಯೂ ಕೈಗೆ ಸಿಕ್ಕರೆ ಊಟ ನಿದ್ದೆ ಎರಡೂ ಬೇಡ.

ದಾವಣಗೆರೆಯ ಔಷಧಿ ಹೋಲ್‌ಸೇಲ್ ಅಂಗಡಿಯವರು ಕೇಳಿದ್ದು ಇಷ್ಟೇ: ಅವಧಿ ಮುಗಿದ ಮಾಲು ಪಟ್ಟಿಯಲ್ಲಿ ಕೆಂಪಗೆ ಕಾಣಲಿ. ಸಾಲು ಹೇಗೆ ಕಾಣಬೇಕೆಂದು ಹೇಳುವ ಒಂದು ಸ್ಟೈಲ್, ಅದರೊಳಗೆ ಮಾಹಿತಿ ನೋಡಿ ಬಣ್ಣ ಬದಲಿಸುವ ಒಂದು ಡೇಟಾ ಟ್ರಿಗರ್. ಕಾಫಿ ಆರುವುದರೊಳಗೆ ಮುಗಿಯುವ ಕೆಲಸ. ಸಾರ್ ಹದಿನೈದು ದಿನ ತೆಗೆದುಕೊಂಡರು. ಸ್ಟಾಕ್ ಕಡಿಮೆಯಾದದ್ದಕ್ಕೆ ಹಳದಿ, ಫ್ರಿಜ್ಜಿನಲ್ಲಿಡುವುದಕ್ಕೆ ನೀಲಿ, ಮೂರು ತಿಂಗಳಲ್ಲಿ ಅವಧಿ ಮುಗಿಯುವುದಕ್ಕೆ ಒಂದು, ಕಂಪನಿಗೆ ವಾಪಸ್ ಕಳಿಸಬೇಕಾದದ್ದಕ್ಕೆ ಇನ್ನೊಂದು, ಹೀಗೆ ಒಟ್ಟು ಒಂಬತ್ತು. ಡಬ್ಲ್ಯೂಪಿಎಫ್‌ನಲ್ಲಿ ಹೆಸರಿಟ್ಟ ಬಣ್ಣಗಳೇ 141. ಪಪಾಯ ವಿಪ್, ಪೀಚ್ ಪಫ್, ಲೆಮನ್ ಶಿಫಾನ್ ಎಂದು ಸಾರ್ ಓದುತ್ತಿದ್ದರೆ ಅರ್ಧ ಬೇಕರಿ, ಅರ್ಧ ಸೀರೆ ಅಂಗಡಿ. ಆ ಪಟ್ಟಿಯಲ್ಲಿ ಡಾರ್ಕ್ ಗ್ರೇ ಎಂಬುದು ಗ್ರೇಗಿಂತ ತಿಳಿಯಾಗಿದೆ. ಇದನ್ನು ಅವರು ಹೊಸದಾಗಿ ಸೇರಿದ ಪ್ರತಿ ಹುಡುಗನಿಗೂ ಮೊದಲ ದಿನವೇ ಹೇಳುತ್ತಾರೆ, ಮನೆತನದ ಗುಟ್ಟು ಹೇಳುವಂತೆ ಬಾಗಿಲು ಹಾಕಿಕೊಂಡು.

ತೊಡಕು ಬಂದದ್ದು ಇನ್ಸುಲಿನ್‌ನಿಂದ. ಅದು 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕಾದ ಮಾಲು, ಹಾಗಾಗಿ ನೀಲಿ. ಉಳಿದಿರುವುದು ನಾಲ್ಕೇ ಡಬ್ಬಿ, ಹಾಗಾಗಿ ಹಳದಿ. ಅವಧಿಯೂ ಮುಗಿದಿದೆ, ಹಾಗಾಗಿ ಕೆಂಪು. ಒಂದೇ ಸ್ಟೈಲಿನಲ್ಲಿ ಹಲವು ಟ್ರಿಗರ್‌ಗಳು ಒಟ್ಟಿಗೆ ಎದ್ದು ನಿಂತರೆ, ಪಂಚಾಯ್ತಿ ಕಟ್ಟೆಯ ಹಾಗೆ, ಕೊನೆಗೆ ಬಂದವನದೇ ಮಾತು. ಕೊನೆಯಲ್ಲಿ ಬರೆದದ್ದು ನೀಲಿ. ಕೆಟ್ಟ ಇನ್ಸುಲಿನ್ ತಣ್ಣಗೆ ನೀಲಿಯಾಗಿ ಕೂತಿತು.

ಕೆಂಪನ್ನು ಕೆಳಗಿಳಿಸಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಸಹಾಯಕ್ಕಿದ್ದ ಹುಡುಗ ಉತ್ಸಾಹದಿಂದ ಕೋಡ್‌ನಲ್ಲೇ ಸಾಲಿಗೆ ನೇರವಾಗಿ ಕೆಂಪು ಬಳಿದುಬಿಟ್ಟ. ನೇರವಾಗಿ ಬಳಿದ ಬಣ್ಣವೆಂದರೆ ಮಂತ್ರಿಗಳ ಚೀಟಿ ಇದ್ದ ಹಾಗೆ, ಸ್ಟೈಲಿನ ಯಾವ ಟ್ರಿಗರ್ ಮಾತೂ ಅದರ ಮುಂದೆ ನಡೆಯದು. ಮೇಲಾಗಿ ಪಟ್ಟಿಯಲ್ಲಿ 20,000 ಸಾಲು, ಪರದೆಗೆ ಹಿಡಿಸುವುದು ಮೂವತ್ತು. ವೇಗಕ್ಕೆಂದು ಸಾರ್ ಸಾಲುಗಳ ಮರುಬಳಕೆ ಚಾಲೂ ಮಾಡಿದ್ದರು. ಅಂದರೆ ಛತ್ರದ ಪಂಕ್ತಿಯ ಲೆಕ್ಕ: ಉಂಡವರು ಏಳುತ್ತಾರೆ, ಅದೇ ಜಾಗದಲ್ಲಿ ಮುಂದಿನವರು ಕೂರುತ್ತಾರೆ. ನಡುವೆ ಮೇಜು ಒರೆಸುವವನು ಬೇಕಲ್ಲ? ಹುಡುಗ ಒರೆಸಲಿಲ್ಲ. ಪಟ್ಟಿ ಸರಿದಂತೆ ಹಿಂದಿನ ಪಂಕ್ತಿಯ ಕೆಂಪು ಸಾರು ಮುಂದಿನವರ ಪಂಚೆಗೆ ಮೆತ್ತಿಕೊಂಡಿತು. ನಿನ್ನೆ ಬಂದ ಕೆಮ್ಮಿನ ಸಿರಪ್ಪೂ ಕೆಂಪು! ಗೋಡೌನಿನವರು ಎರಡು ಪೆಟ್ಟಿಗೆ ಹೊರಗಿಟ್ಟ ಮೇಲೆ ಫೋನ್ ಬಂತು.

ಸಾರ್ ಹುಡುಗನನ್ನು ಬೈಯಲಿಲ್ಲ. ಅವರ ಸಿಟ್ಟೆಲ್ಲ 2012ರ ಮೇಲೆ. ಆಯ್ಕೆ ಮಾಡಿದ ಸಾಲು ನೀಲಿಯಾಗಿ ನಮ್ಮ ಬಣ್ಣವನ್ನು ನುಂಗುತ್ತದಲ್ಲ, ಮೊದಲು ಸಿಸ್ಟಮ್‌ನ ಒಂದು ಹೈಲೈಟ್ ಬಣ್ಣ ಬದಲಿಸಿದರೆ ಅದು ತೆಪ್ಪಗಿರುತ್ತಿತ್ತು. ವಿಂಡೋಸ್ 8 ಬಂದದ್ದೇ, ಮೈಕ್ರೋಸಾಫ್ಟ್‌ನವರು ಸಾಲಿನ ಅಚ್ಚಾದ ಟೆಂಪ್ಲೇಟಿನೊಳಗೇ ಬಣ್ಣ ಬರೆದುಬಿಟ್ಟರು. ಅಂದಿನಿಂದ ಇಡೀ ಟೆಂಪ್ಲೇಟನ್ನು ಸಾರೇ ಬರೆಯಬೇಕಾಯಿತು. "ಅವತ್ತಿಂದ ಯಾರನ್ನೂ ನಂಬೋದು ಬಿಟ್ಟೆ" ಎನ್ನುತ್ತಾರೆ.

ಕೊನೆಗೆ ಸಾರ್, ನಾನು ಇಬ್ಬರೂ ದಾವಣಗೆರೆಗೆ ಹೋದೆವು. ಸಾರ್ ಒಂಬತ್ತು ಬಣ್ಣಗಳ ಮಹಿಮೆಯನ್ನು ಮುಕ್ಕಾಲು ಗಂಟೆ ಬಣ್ಣಿಸಿದರು. ಹಿರಿಯ ಗುಮಾಸ್ತರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು.

"ಎಲ್ಲಾ ಚೊಲೋ ಐತ್ರಿ ಸಾರ್. ಆದ್ರ ನನಗ ಹುಟ್ಟಿದಾಗಿಂದ ಕೆಂಪು, ಹಸಿರು ಎರಡೂ ಒಂದ ಥರ ಕಾಣ್ತಾವ. ಬಾಜೂಕ ಒಂದು ಕಾಲಂ ಹಾಕಿ ‘ಅವಧಿ ಮುಗಿದಿದೆ’ ಅಂತ ಬರ್ಕೊಡ್ರಿ, ಸಾಕು."

ಹಿಂದಿರುಗುವಾಗ ರೈಲಿನಲ್ಲಿ ಸಾರ್ ಮಾತಾಡಲಿಲ್ಲ. ಬೀರೂರು ಕಳೆಯಿತು, ಅರಸೀಕೆರೆಯಲ್ಲಿ ತಂದುಕೊಟ್ಟ ವಡೆಯನ್ನೂ ಮುಟ್ಟಲಿಲ್ಲ. ನನಗೂ ಪಾಪ ಎನಿಸಿತು. ತುಮಕೂರು ಸಮೀಪಿಸುತ್ತಿದ್ದಂತೆ ಲ್ಯಾಪ್‌ಟಾಪ್ ತೆರೆದರು, ಕಾಲಂ ಸೇರಿಸಿದರು, ‘ಅವಧಿ ಮುಗಿದಿದೆ’ ಎಂದು ಬರೆದೂಬಿಟ್ಟರು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದರು.

"ಇವ್ರೆ, ಈ ಅಕ್ಷರಕ್ಕೆ ಯಾವ ಬಣ್ಣ ಕೊಡೋಣ?"