ಬೆಕ್ಕಿನ ತುಟಿಯ ಮೇಲಿನ ಗಂಟು

ಹೌದು ಕಣ್ರೀ, ಬೆಕ್ಕಿಗೂ ಕುಷ್ಠ ಅಂತ ಒಂದು ಕಾಯಿಲೆ ಇದೆ. ಡಾಕ್ಟರು ಸರಿಯಾಗೇ ಹೇಳಿದ್ದಾರೆ. ಆದರೆ ನಿಮ್ಮ ಮುಖ ನೋಡಿದರೆ ಇವತ್ತೇ ಬೆಕ್ಕನ್ನು ಎಲ್ಲಾದರೂ ಬಿಟ್ಟುಬರೋ ಹಾಗಿದೆ. ಸ್ವಲ್ಪ ನಿಲ್ಲಿ, ಆ ಬಟ್ಟೆ ಆಮೇಲೆ ಹರವಬಹುದು. ಊರಲ್ಲಿ ಕುಷ್ಠ ಬಂದವರನ್ನು ಮನೆಯಿಂದಾಚೆ ಕೂರಿಸಿ, ತಟ್ಟೆ ಲೋಟ ಬೇರೆ ಇಟ್ಟಿದ್ದನ್ನು ನೋಡಿ ಬೆಳೆದವರು ನಾವು. ಆಕ್ಲೆಂಡಿಗೆ ಬಂದರೂ ಆ ಭಯ ನಮ್ಮನ್ನು ಬಿಟ್ಟಿಲ್ಲ. ಅದನ್ನು ಈ ಮೂಕಪ್ರಾಣಿಯ ಮೇಲೆ ತೀರಿಸಿಕೊಳ್ಳಬೇಡಿ.

ಮನುಷ್ಯರಿಗೆ ಬರೋ ಕುಷ್ಠದ ಬ್ಯಾಕ್ಟೀರಿಯಾವೇ ಬೇರೆ. ಅದನ್ನು 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದರು. ಬೆಕ್ಕಿಗೆ ಬರೋದರಲ್ಲಿ ಒಂದು ಇಲಿಗಳ ಸೊತ್ತು, ಮೈಕೋಬ್ಯಾಕ್ಟೀರಿಯಂ ಲೆಪ್ರೆಮ್ಯೂರಿಯಂ ಅಂತ. ಒಡೆಸ್ಸಾ ಬಂದರಿನ ಇಲಿಗಳಲ್ಲಿ ಈ ಕಾಯಿಲೆ ಇರೋದನ್ನು ಸ್ಟೆಫಾನ್ಸ್ಕಿ ಅನ್ನೋರು 1903ರಲ್ಲಿ ವರದಿ ಮಾಡಿದರು. ಬೆಕ್ಕಿನ ಮೈಮೇಲಿನ ಇಂಥ ಗಂಟುಗಳ ಬಗ್ಗೆ 1962ರಲ್ಲಿ ಬರೆದವರು ಇದೇ ನ್ಯೂಜಿಲೆಂಡಿನ ಪಶುವೈದ್ಯರು. ಆಸ್ಟ್ರೇಲಿಯಾದಲ್ಲಿ, ಬ್ರಿಟನ್ನಿನಲ್ಲಿ, ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ಹೀಗೆ ಥಂಡಿ ಹವೆಯ ಊರುಗಳಲ್ಲಿ ಇದು ಕಾಣಿಸಿಕೊಳ್ಳುತ್ತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಲ್ಲ, ಸಾಯೋ ಇಲಿ ತಿರುಗಿಬಿದ್ದು ಕಚ್ಚಿದರೆ ಸಂಕಟ ಬೆಕ್ಕಿನದಾಗುತ್ತೆ. ಅದಕ್ಕೇ ಇರಬೇಕು, ಇದು ಹೆಚ್ಚಾಗಿ ರಾತ್ರಿಯೆಲ್ಲ ಅಲೆದು ಬೇಟೆಯಾಡೋ ಎಳೇ ಗಂಡು ಬೆಕ್ಕುಗಳಿಗೆ, ಮುಖಕ್ಕೆ, ಮುಂಗಾಲಿಗೆ ಬರೋದು. ಕಚ್ಚಿಸಿಕೊಂಡು ಎಷ್ಟೋ ತಿಂಗಳಾದ ಮೇಲೆ ಗಂಟು ಎದ್ದರೆ ಆ ಇಲಿಯ ನೆನಪು ಯಾರಿಗಿರುತ್ತೆ ಹೇಳಿ?

ನಿಮ್ಮ ಬೆಕ್ಕಿನ ಮೇಲ್ದುಟಿ ನೋಡಿದೆನಲ್ಲ. ಕಡಲೆಕಾಳಿನಷ್ಟು ಗಂಟು, ಗಟ್ಟಿಯಾಗಿದೆ, ಮೇಲೆ ಕೂದಲು ಉದುರಿ ಚರ್ಮ ಹೊಳೀತಿದೆ. ಒತ್ತಿದರೂ ಬೆಕ್ಕು ಮಿಸುಕಾಡಲಿಲ್ಲ. ಜಗಳದಲ್ಲಿ ಆದ ಕೀವುಗಂಟಾಗಿದ್ದರೆ ಮುಟ್ಟೋಕೂ ಬಿಡ್ತಿರಲಿಲ್ಲ. ನೋವಿಲ್ಲ ಅಂತ ನಾವು ಸುಮ್ಮನಿದ್ದುಬಿಡ್ತೀವಿ, ಅಷ್ಟರಲ್ಲಿ ಅದು ಒಡೆದು ಹುಣ್ಣಾಗುತ್ತೆ, ಪಕ್ಕದಲ್ಲೇ ಇನ್ನೆರಡು ಏಳುತ್ತೆ.

ಡಾಕ್ಟರು ಸೂಜಿ ಚುಚ್ಚಿ ತೆಗೆದರಲ್ಲ, ಆ ಒಂದು ಹನಿಯಲ್ಲೇ ಎಲ್ಲ ಇರೋದು. ಕ್ಲಿನಿಕ್ಕಿನ ಮಾಮೂಲಿ ಬಣ್ಣ ಈ ಬ್ಯಾಕ್ಟೀರಿಯಾಕ್ಕೆ ಹತ್ತೋದೇ ಇಲ್ಲ. ಜೀವಕೋಶದೊಳಗೆ ಬಣ್ಣವಿಲ್ಲದ ಖಾಲಿ ಗೀರುಗಳು ಕಾಣುತ್ತೆ, ಅಷ್ಟೆ. ಝೀಲ್-ನೀಲ್ಸನ್ ಅನ್ನೋ ವಿಧಾನದಲ್ಲಿ ಬಣ್ಣ ಹಾಕಿದರೆ ಅದೇ ಗೀರುಗಳು ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಾಗಿ ಎದ್ದು ಬರುತ್ತೆ. ಆದರೆ ಕ್ಷಯದ ಬ್ಯಾಕ್ಟೀರಿಯಾವೂ ಹೀಗೇ ಕೆಂಪಾಗಿ ಕಾಣುತ್ತೆ. ದನಗಳ ಕ್ಷಯ ಬೆಕ್ಕಿಗೂ ಬರಬಹುದು, ಅದು ಮನುಷ್ಯರಿಗೂ ಅಂಟೋ ಜಾತಿ. ಅದಕ್ಕೇ, ಯಾವ ಜಾತಿ ಅಂತ ತಿಳಿಯೋಕೆ, ಪಿಸಿಆರ್ ಅನ್ನೋ ಡಿಎನ್‌ಎ ಪರೀಕ್ಷೆಗೆ ಕಳಿಸಿರೋದು. ಫಲಿತಾಂಶ ಬರೋವರೆಗೆ ಗ್ಲೌಸ್ ಹಾಕಿ ಮುಟ್ಟಿ, ನಿಮ್ಮ ಮಗುವನ್ನು ದೂರ ಇಡಿ. ಲೆಪ್ರೆಮ್ಯೂರಿಯಂ ಅಂತ ಬಂದರೆ ಆ ಆತಂಕ ಬಿಟ್ಟುಬಿಡಿ. ಬೆಕ್ಕಿನಿಂದ ಮನುಷ್ಯರಿಗೆ ಅಂಟೋ ಕಾಯಿಲೆ ಅಂತ ಪಶುವೈದ್ಯರು ಇದನ್ನು ಎಣಿಸೋದಿಲ್ಲ. ಲೆಪ್ರೆಫೆಲಿಸ್ ಅಂತ ಇನ್ನೊಂದಿದೆ, ಅದು ವಯಸ್ಸಾದ ಬೆಕ್ಕುಗಳಿಗೆ ಬಂದು ಮೈಯೆಲ್ಲ ಹರಡುತ್ತೆ. ಯಾವುದು ಅನ್ನೋದರ ಮೇಲೆ ಔಷಧಿ ಎಷ್ಟು ಕಾಲ ಅನ್ನೋದು ನಿಂತಿದೆ.

ಒಂದೇ ಗಂಟು, ಚಿಕ್ಕದು ಅಂದರೆ ಕತ್ತರಿಸಿ ತೆಗೀತಾರೆ. ಜೊತೆಗೆ ಕ್ಲಾರಿಥ್ರೋಮೈಸಿನ್, ರಿಫಾಂಪಿಸಿನ್, ಕ್ಲೊಫಾಜಿಮೈನ್, ಇವುಗಳಲ್ಲಿ ಎರಡು ಮೂರನ್ನು ಕೂಡಿಸಿ ಕೊಡ್ತಾರೆ. ಕ್ಲೊಫಾಜಿಮೈನ್ ಡಬ್ಲಿನ್‌ನಲ್ಲಿ ವಿನ್ಸೆಂಟ್ ಬ್ಯಾರಿ ಅವರ ತಂಡ 1950ರ ದಶಕದಲ್ಲಿ ತಯಾರಿಸಿದ ಔಷಧಿ. ನಮ್ಮೂರ ಸರ್ಕಾರಿ ಆಸ್ಪತ್ರೆಗಳಲ್ಲಿ ಕುಷ್ಠರೋಗಿಗಳಿಗೆ ಪುಕ್ಕಟೆ ಕೊಡೋ ಎಂಡಿಟಿ ಅನ್ನೋ ಬಹುಔಷಧಿ ಮಾತ್ರೆಗಳಲ್ಲೂ ಇದೇ ಕ್ಲೊಫಾಜಿಮೈನ್, ಇದೇ ರಿಫಾಂಪಿಸಿನ್ ಇದೆ. ಲಕ್ಷಾಂತರ ಜನರನ್ನು ವಾಸಿಮಾಡಿದ ಮದ್ದು ಕಣ್ರೀ! ಬೆಕ್ಕಿನ ಚರ್ಮ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಅದು ಕ್ಲೊಫಾಜಿಮೈನ್ ಬಣ್ಣ. ಬಿಸಿಲಿಗೆ ಮಾತ್ರ ಬಿಡಬೇಡಿ. ರಿಫಾಂಪಿಸಿನ್ ಲಿವರಿಗೆ ತೊಂದರೆ ಕೊಡಬಹುದು, ಆಗಾಗ ರಕ್ತ ಪರೀಕ್ಷೆ ಮಾಡಿಸಿ.

ಎಷ್ಟೋ ಮನೆಗಳಲ್ಲಿ ಎಡವೋದು ಕೊನೆಗೆ. ಗಂಟು ಮಾಯವಾಯಿತು ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ. ಕಣ್ಣಿಗೆ ಕಾಣದ್ದು ಒಳಗೆ ಉಳಿದಿರುತ್ತೆ, ಅದಕ್ಕೇ ವಾಸಿಯಾದಂತೆ ಕಂಡ ಮೇಲೂ ಎರಡು ಮೂರು ತಿಂಗಳು ಕೊಡಲೇಬೇಕು. ಇನ್ನು ರಾತ್ರಿ ತಿರುಗಾಟ ಬಂದ್ ಮಾಡಿ. ಬೆಕ್ಕು ಒಳಗಿದ್ದರೆ ಇಲಿಯ ಹಲ್ಲಿಗೆ ಸಿಗಲ್ಲ. ಆಪರೇಷನ್ ದಿನ ಕಾರು ನಾನು ತೆಗೀತೀನಿ, ಬುಟ್ಟಿ ನೀವು ಹಿಡ್ಕೊಳ್ಳಿ. ಮಾತ್ರೆ ನುಂಗಿಸೋಕೆ ಎರಡು ಕೈ ಸಾಲದಿದ್ದರೆ ಹೊತ್ತು ನೋಡದೆ ಒಂದು ಕೂಗು ಹಾಕಿ, ಬರ್ತೀನಿ.